ಇಲ್ಲದ ಖಂಡಕ್ಕೆ ಕಿಲುಬಿನ ಹಸಿರು

ಒದ್ದೆ ಬ್ರಷ್ ತಾಗಿಸಿ ಹತ್ತು ಸೆಕೆಂಡ್ ಆಗಿರಲಿಲ್ಲ, ಆಫ್ರಿಕಾದ ಪಶ್ಚಿಮ ಕರಾವಳಿ ಕರಗಿ ಅಟ್ಲಾಂಟಿಕ್‌ಗೆ ಹರಿದುಹೋಯಿತು. ಇಂಕ್‌ಜೆಟ್ ಪ್ರಿಂಟಿನ ಮೇಲೆ ನೀರುಬಣ್ಣ ಹಚ್ಚಬಾರದು ಅಂತ ಯಾರಾದರೂ ಮೊದಲೇ ಹೇಳಿದ್ದರೆ ಒಂದು ಒಳ್ಳೆಯ ಹಾಳೆ, ಒಂದು ಭಾನುವಾರ ಎರಡೂ ಉಳಿಯುತ್ತಿದ್ದವು. ಹೇಳಿದ್ದರೂ ನಾನು ಕೇಳುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು. ಹಳೆ ಭೂಪಟವೊಂದನ್ನು ನಾನೇ ಅಚ್ಚು ಹಾಕಿ ಬಣ್ಣ ಹಚ್ಚುವುದು ಎರಡು ವಾರಾಂತ್ಯದ ಕೆಲಸ ಅಂದುಕೊಂಡು ಶುರು ಮಾಡಿದ್ದು ಅಕ್ಟೋಬರ್‌ನಲ್ಲಿ. ಮುಗಿದದ್ದು ಮಾರ್ಚ್ ಕೊನೆಗೆ.

ನಾನಿರುವುದು ಆಮ್‌ಸ್ಟರ್‌ಡಾಮ್ ಪಕ್ಕದ ಆಮ್‌ಸ್ಟೆಲ್‌ವೇನ್‌ನಲ್ಲಿ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ಒಂದು ದಿನ ಹಳೆ ನಕ್ಷೆ ಮಾರುವ ಅಂಗಡಿಯೊಂದರ ಗಾಜಿನ ಹಿಂದೆ ಒಂದೇ ಭೂಪಟದ ಎರಡು ಪ್ರತಿ ಪಕ್ಕಪಕ್ಕ ಇಟ್ಟಿದ್ದರು. ಅದೇ ಗೆರೆ, ಅದೇ ಅಕ್ಷರ, ಅದೇ ಹಡಗು. ಆದರೆ ಒಂದರಲ್ಲಿ ಯುರೋಪ್ ಹಸಿರು, ಇನ್ನೊಂದರಲ್ಲಿ ಗುಲಾಬಿ. ಒಂದರಲ್ಲಿ ಚಳಿಗಾಲದ ಮುದುಕನ ಮೈಮೇಲೆ ನೀಲಿ ಬಟ್ಟೆ, ಇನ್ನೊಂದರಲ್ಲಿ ಕಂದು. ಎರಡೂ 17ನೇ ಶತಮಾನದ ಬಣ್ಣವೇ ಅಂತ ಅಂಗಡಿಯವರು ಹೇಳಿದರು. ಅಂದರೆ ಗೆರೆ ಕೊರೆದವನೊಬ್ಬ, ಬಣ್ಣ ಹಚ್ಚಿದವರು ಬೇರೆ ಬೇರೆ ಜನ. ಬೆಲೆ ನೋಡಿ ಬಾಯಿ ಮುಚ್ಚಿಕೊಂಡು ಹೊರಗೆ ಬಂದೆ. ಸಾವಿರಾರು ಯೂರೋ. ಆದರೆ ಬಣ್ಣ ಹಚ್ಚುವ ಕೆಲಸ ನಾನೂ ಮಾಡಬಹುದಲ್ವಾ ಅನ್ನುವ ಹುಳ ತಲೆಯೊಳಗೆ ಹೊಕ್ಕಾಗಿತ್ತು.

ಯಾವ ನಕ್ಷೆ

ಆಮ್‌ಸ್ಟರ್‌ಡಾಮಿನ ನಕ್ಷೆಗಾರ ವಿಲ್ಲೆಮ್ ಬ್ಲಾವು ಮಾಡಿದ ಪ್ರಪಂಚ ಭೂಪಟ. ಮೊದಲು ಬಿಡಿ ಹಾಳೆಯಾಗಿ ಬಂದದ್ದು 1606ರಲ್ಲಿ. 1630ರಿಂದ ಬ್ಲಾವು ಮನೆತನದ ಅಟ್ಲಾಸ್‌ಗಳೊಳಗೂ ಸೇರಿತು. ಅಗಲ ಸುಮಾರು 54 ಸೆಂಟಿಮೀಟರ್, ಎತ್ತರ 41. ನಡುವೆ ಮರ್ಕೇಟರ್ ಪದ್ಧತಿಯಲ್ಲಿ, ಅಂದರೆ ಗುಂಡು ಭೂಮಿಯನ್ನು ಚೌಕ ಹಾಳೆಯ ಮೇಲೆ ಹರಡುವ ಒಂದು ಕ್ರಮದಲ್ಲಿ, ಬರೆದ ಪ್ರಪಂಚ, ಸುತ್ತ 22 ಪುಟ್ಟ ಚಿತ್ರಗಳು. ಮೇಲಿನ ಸಾಲಿನಲ್ಲಿ ಏಳು ಗ್ರಹಗಳು, ಕೆಳಗೆ ಪುರಾತನ ಕಾಲದ ಏಳು ಅದ್ಭುತಗಳು, ಎಡಕ್ಕೆ ನಾಲ್ಕು ಭೂತಗಳು, ಬಲಕ್ಕೆ ನಾಲ್ಕು ಋತುಗಳು.

ಮೇಲಿನ ಸಾಲು ನೋಡಿದಾಗ ನಗು ಬಂತು. ಚಂದ್ರ, ಬುಧ, ಶುಕ್ರ, ಸೂರ್ಯ, ಮಂಗಳ, ಗುರು, ಶನಿ. ನಮ್ಮ ನವಗ್ರಹದಲ್ಲಿ ರಾಹು ಕೇತು ತೆಗೆದರೆ ಉಳಿಯುವ ಅದೇ ಏಳು. ಎಡಗಡೆ ಬೆಂಕಿ, ಗಾಳಿ, ನೀರು, ಮಣ್ಣು ಇವೆ, ಆಕಾಶ ಇಲ್ಲ. ಪಂಚಭೂತದಲ್ಲಿ ಒಂದು ಖೋತಾ.

ಇಂಥ ನಕ್ಷೆಯನ್ನು ಹಡಗಿನವರು ದಾರಿ ನೋಡುವುದಕ್ಕೆ ಕೊಳ್ಳುತ್ತಿರಲಿಲ್ಲ. ಇದು ಮನೆಯ ಗೋಡೆಗೆ, ಪುಸ್ತಕದ ಕೋಣೆಗೆ. ಅದಕ್ಕೇ ಬಣ್ಣಕ್ಕೆ ಅಷ್ಟು ಬೆಲೆ. ವಿಲ್ಲೆಮ್‌ನ ಮಗ ಯೋವಾನ್ ಬ್ಲಾವು 1660ರ ದಶಕದಲ್ಲಿ ತಂದ ದೊಡ್ಡ ಅಟ್ಲಾಸಿನ ಫ್ರೆಂಚ್ ಆವೃತ್ತಿಗೆ ಬಣ್ಣ ಇಲ್ಲದೆ 350 ಗಿಲ್ಡರ್ (ಅಂದಿನ ಡಚ್ ಹಣ), ಬಣ್ಣ ಹಚ್ಚಿದ್ದಕ್ಕೆ 450. ಬಣ್ಣ ಹಚ್ಚುವವರನ್ನು ಇಲ್ಲಿಯವರು ಆಫ್‌ಝೆಟ್ಟರ್ ಅನ್ನುತ್ತಿದ್ದರು. ಅದೇ ಒಂದು ಕಸುಬು. ಓರ್ಟೆಲಿಯಸ್ ಅಟ್ಲಾಸ್ ಮಾಡಿ ಹೆಸರಾಗುವ ಮೊದಲು ಆಂಟ್‌ವರ್ಪ್‌ನಲ್ಲಿ ನಕ್ಷೆಗಳಿಗೆ ಬಣ್ಣ ಹಚ್ಚುತ್ತಿದ್ದವನೇ. ಆಮ್‌ಸ್ಟರ್‌ಡಾಮಿನ ಡಿರ್ಕ್ ಯಾನ್ಸ್ ವಾನ್ ಸಾಂಟೆನ್ ಅನ್ನುವವನಿಗೆ ಎಷ್ಟು ಹೆಸರಿತ್ತು ಅಂದರೆ, ಲೌರೆನ್ಸ್ ವಾನ್ ಡರ್ ಹೆಮ್ ಅನ್ನುವ ಶ್ರೀಮಂತ ವಕೀಲ ತನ್ನ ಅಟ್ಲಾಸಿಗೆ ಅವನ ಕೈಯಿಂದಲೇ ಬಣ್ಣ, ಚಿನ್ನ ಹಚ್ಚಿಸಿದ. ಅದು ಈಗ ವಿಯೆನ್ನಾದ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಉಳಿದ ನೂರಾರು ಆಫ್‌ಝೆಟ್ಟರ್‌ಗಳ ಹೆಸರು ಯಾರಿಗೂ ಬೇಕಾಗಲಿಲ್ಲ.

ತಗಡು, ಮಸಿ, ಒದ್ದೆ ಕಾಗದ

ಇಂಕ್‌ಜೆಟ್ ಕೈಕೊಟ್ಟ ಮೇಲೆ ಗೊತ್ತಾಯಿತು, ಎಣ್ಣೆ ಮಸಿಯಲ್ಲೇ ಅಚ್ಚು ಹಾಕಬೇಕು. ಎಣ್ಣೆ ಮಸಿ ಒಣಗಿದರೆ ನೀರಿಗೆ ಜಗ್ಗುವುದಿಲ್ಲ. ಬ್ಲಾವು ಕಾಲದಲ್ಲಿ ತಾಮ್ರದ ತಗಡಿನಲ್ಲಿ ಉಳಿಯಿಂದ ಕೊರೆದು ಅಚ್ಚು ಹಾಕುತ್ತಿದ್ದರು. ಈ ನಕ್ಷೆ ಕೊರೆದವನು ಯೊಸುವಾ ವಾನ್ ಡೆನ್ ಎಂಡೆ. ನನಗೆ ಅಕ್ಕಿಕಾಳಿನಷ್ಟು ಅಕ್ಷರವನ್ನು ತಾಮ್ರದಲ್ಲಿ ಕೊರೆಯುವ ಶಕ್ತಿ ಏಳು ಜನ್ಮಕ್ಕೂ ಬರುವುದಿಲ್ಲ. ಹಾಗಾಗಿ ಫೋಟೋಪಾಲಿಮರ್ ತಗಡು.

ಇದರ ಕೆಲಸ ಸರಳ. ಉಕ್ಕಿನ ಹಾಳೆಯ ಮೇಲೆ ಬೆಳಕು ತಾಗಿದರೆ ಗಟ್ಟಿಯಾಗುವ ಒಂದು ಪದರ ಇರುತ್ತದೆ. ನಕ್ಷೆಯನ್ನು ಪಾರದರ್ಶಕ ಫಿಲ್ಮ್ ಮೇಲೆ ಕಪ್ಪಾಗಿ ಪ್ರಿಂಟ್ ಮಾಡಿ, ತಗಡಿನ ಮೇಲಿಟ್ಟು ಯುವಿ ಬೆಳಕು ಕೊಡಬೇಕು. ಕಪ್ಪು ಗೆರೆಯ ಕೆಳಗೆ ಬೆಳಕು ಹೋಗುವುದಿಲ್ಲ, ಅಲ್ಲಿ ಪದರ ಮೆತ್ತಗೇ ಉಳಿಯುತ್ತದೆ. ನೀರಿನಲ್ಲಿ ತೊಳೆದರೆ ಆ ಮೆತ್ತನೆಯದು ಹೋಗಿ ಗೆರೆ ಇದ್ದಲ್ಲೆಲ್ಲ ಸಣ್ಣ ಕಾಲುವೆ ಬೀಳುತ್ತದೆ. ಮಸಿ ಕೂರುವುದು ಅದರೊಳಗೆ.

ಸ್ಕ್ಯಾನ್‌ಗೆ ತೊಂದರೆ ಇರಲಿಲ್ಲ. ಹಕ್ಕುಸ್ವಾಮ್ಯದ ಕಾಟ ಇಲ್ಲದ ವಸ್ತು, ದೊಡ್ಡ ಗ್ರಂಥಾಲಯಗಳು ಧಾರಾಳವಾಗಿ ಕೊಡುತ್ತವೆ. ಮೊದಲು ಬಣ್ಣದ ಪ್ರತಿಯನ್ನೇ ತೆಗೆದುಕೊಂಡು ಕಪ್ಪು ಬಿಳುಪಿಗೆ ತಿರುಗಿಸಿದೆ. ಹಸಿರು ಇದ್ದಲ್ಲೆಲ್ಲ ಕಪ್ಪು ಮಚ್ಚೆ. ಮೂರು ವಾರ ಮೌಸ್ ಹಿಡಿದು ಅಳಿಸಿದ ಮೇಲೆ ಬಣ್ಣ ಇಲ್ಲದ ಪ್ರತಿಯೊಂದರ ಸ್ಕ್ಯಾನ್ ಸಿಕ್ಕಿತು. ಆ ಮೂರು ವಾರದ ವಿಚಾರ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಊರಿನ ಒಂದು ಅಚ್ಚಿನ ಕಾರ್ಯಾಗಾರದಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಪ್ರೆಸ್ ಬಳಸಬಹುದು. ಅಲ್ಲಿ ಒಬ್ಬ ಅಜ್ಜ ಇದ್ದಾರೆ, ಐವತ್ತು ವರ್ಷದಿಂದ ಎಚಿಂಗ್, ಅಂದರೆ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು ಅಚ್ಚು ಹಾಕುವ ಕೆಲಸ, ಮಾಡಿದವರು. ನನ್ನ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ ತಲೆ ಅಲ್ಲಾಡಿಸಿದರು. "ನಿನ್ನ ಅಮೆರಿಕ ಸರಿಯಾದ ಕಡೆಗಿದೆ. ಅದೇ ತಪ್ಪು" ಅಂದರು. ತಗಡಿನಲ್ಲಿ ಎಲ್ಲ ತಿರುಗುಮುರುಗಾಗಿ ಇರಬೇಕು, ಆಗಲೇ ಕಾಗದದ ಮೇಲೆ ನೆಟ್ಟಗೆ ಬರುವುದು. ವಾನ್ ಡೆನ್ ಎಂಡೆ ಆ ಸಾವಿರಾರು ಅಕ್ಷರಗಳನ್ನೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಕೊರೆದ ಅಂತ ಆಗ ಹೊಳೆಯಿತು. ನಾನು ಮಾಡಬೇಕಾದ್ದು ಒಂದು ಬಟನ್ ಒತ್ತುವುದು ಮಾತ್ರ, ಅದನ್ನೂ ಮರೆತಿದ್ದೆ.

ಕಾಗದಕ್ಕೂ ಒಂದು ಸುತ್ತಾಟ ಆಯಿತು. ಝಾನ್ ಪ್ರದೇಶದ ವೆಸ್ಟ್‌ಝಾನ್‌ನಲ್ಲಿ ಡಿ ಸ್ಕೋಲ್‌ಮೇಸ್ಟರ್ ಅನ್ನುವ ಗಾಳಿಗಿರಣಿ ಇದೆ. 1692ರದ್ದು, ಇವತ್ತಿಗೂ ಗಾಳಿಯ ಬಲದಿಂದಲೇ ಹಳೆ ಬಟ್ಟೆ ಅರೆದು ಕಾಗದ ಮಾಡುತ್ತದೆ. ನೋಡಲು ಸೊಗಸು, ಆದರೆ ನನ್ನ ಕೆಲಸಕ್ಕೆ ಬೇಕಾದ್ದು ತೆಳು ಕಾಗದ. ಅಲ್ಲದೆ ಬ್ಲಾವು ಕಾಲದಲ್ಲಿ ಇಲ್ಲಿಯ ಒಳ್ಳೆಯ ಬಿಳಿ ಕಾಗದ ಬಹುಪಾಲು ಫ್ರಾನ್ಸಿನಿಂದ ಬರುತ್ತಿತ್ತು. ನಾನು ಕಲಾಸಾಮಗ್ರಿ ಅಂಗಡಿಯಲ್ಲಿ ಬೆಳಕಿಗೆ ಹಿಡಿದರೆ ಗೆರೆಗೆರೆ ಕಾಣುವ ಹತ್ತಿಯ ಕಾಗದ ಆರು ಹಾಳೆ ತಂದೆ. ಅದರೊಳಗೆ ಸೀಮೆಸುಣ್ಣ ಬೆರೆಸಿರುತ್ತಾರೆ ಅಂತ ಆಗ ಯೋಚಿಸಲಿಲ್ಲ. ಮುಂದೆ ಅದು ಚೆನ್ನಾಗಿಯೇ ಪಾಠ ಕಲಿಸಿತು.

ಅಚ್ಚು ಹಾಕುವ ದಿನ ಮೈಯೆಲ್ಲ ಮಸಿ. ತಗಡಿನ ತುಂಬ ಮಸಿ ಮೆತ್ತಿ, ಗಂಜಿ ಹಾಕಿದ ಜಾಳು ಬಟ್ಟೆಯ ಉಂಡೆಯಿಂದ ಸುತ್ತು ಸುತ್ತಾಗಿ ಒರೆಸುತ್ತ ಹೋಗಬೇಕು. ಮೇಲಿನದು ಹೋಗಬೇಕು, ಕಾಲುವೆಯೊಳಗಿನದು ಉಳಿಯಬೇಕು. ಮೊದಲನೇದು ಜಾಸ್ತಿ ಒರೆಸಿ ಪೇಲವ. ಎರಡನೇದು ಕಡಿಮೆ ಒರೆಸಿ ಪ್ರಪಂಚಕ್ಕೆಲ್ಲ ಮೋಡ ಕವಿದ ಹಾಗೆ. ಮೂರು, ನಾಲ್ಕು, ಐದು ಚೆನ್ನಾಗಿ ಬಂದವು. ಕಾಗದವನ್ನು ಒದ್ದೆ ಮಾಡಿಯೇ ಪ್ರೆಸ್ಸಿಗೆ ಕೊಡಬೇಕು, ಆಗ ಅದು ಕಾಲುವೆಯೊಳಗೆ ಇಳಿದು ಮಸಿ ಎತ್ತಿಕೊಳ್ಳುತ್ತದೆ. ಒಣಗಿದ ಮೇಲೆ ಅಳೆದು ನೋಡಿದೆ, ಅಗಲದಲ್ಲಿ 4 ಮಿಲಿಮೀಟರ್ ಕುಗ್ಗಿತ್ತು. ಒಂದೇ ತಗಡಿನ ಹಳೆ ನಕ್ಷೆಗಳ ಅಳತೆ ಒಂದಕ್ಕೊಂದು ತಾಳೆಯಾಗದಿರುವುದಕ್ಕೆ ಇದೇ ಕಾರಣ.

ಗಂಜಿ ಹಾಕುವುದು

ಅಚ್ಚಿನ ಕಾಗದ ಬ್ಲಾಟಿಂಗ್ ಪೇಪರಿನ ತಂಗಿ ಇದ್ದ ಹಾಗೆ, ನೀರು ತಾಗಿದರೆ ಎಳೆದುಕೊಂಡುಬಿಡುತ್ತದೆ. ಸೀರೆಗೆ ಗಂಜಿ ಹಾಕುವಂತೆ ಕಾಗದಕ್ಕೂ ಹಾಕಬೇಕು. ಒಂದು ಲೀಟರ್ ಬಿಸಿ ನೀರಿಗೆ 25 ಗ್ರಾಂ ಜೆಲಾಟಿನ್, ಮೂರು ಗ್ರಾಂ ಪಟಿಕ. ಅಗಲ ತಟ್ಟೆಯಲ್ಲಿ ಹಾಕಿ ಹಾಳೆಯನ್ನು ಮುಳುಗಿಸಿ ಎತ್ತಿ, ಬಾತ್‌ರೂಮಿನಲ್ಲಿ ಹಗ್ಗಕ್ಕೆ ನೇತುಹಾಕಿದೆ. ಎರಡು ದಿನ ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಸ್ನಾನ ಮಾಡಿದರು. ಒಣಗಿದ ಮೇಲೆ ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟೆ. ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಗುಂಡಗೆ ನಿಂತಿತು. ಸಾಕು.

ಬಣ್ಣಗಳು

ಅಂಗಡಿಯ ನೀರುಬಣ್ಣದ ಡಬ್ಬಿ ತಂದರೆ ಒಂದೇ ವಾರದಲ್ಲಿ ಮುಗಿಯುತ್ತಿತ್ತು. ಆದರೆ ಆ ಗಾಜಿನ ಹಿಂದಿನ ಎರಡು ನಕ್ಷೆ ಯಾಕೆ ಹಾಗೆ ಕಾಣುತ್ತಿದ್ದವು ಅಂತ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಅಂದಿನ ಬಣ್ಣಗಳೇ ಬೇಕು ಅಂತ ಹಟ ಹಿಡಿದೆ. ಸೀಸದ ಸಿಂಧೂರ ಒಂದನ್ನು ಮಾತ್ರ ಬಿಟ್ಟೆ. ಮನೆಯಲ್ಲಿ ಐದು ವರ್ಷದ ಮಗು ಇದೆ.

ಹಳದಿಯಿಂದ ಶುರು. ಗ್ಯಾಂಬೋಜ್ ಅನ್ನುವ ಅಂಟು, ಆಗ್ನೇಯ ಏಷ್ಯಾದ ಒಂದು ಮರದ ಸೊನೆ. ಕಾಂಬೋಡಿಯಾದಿಂದಲೇ ಅದಕ್ಕೆ ಆ ಹೆಸರು. 17ನೇ ಶತಮಾನದ ಶುರುವಿನಲ್ಲಿ ಡಚ್ ಹಡಗುಗಳಲ್ಲಿ ಇಲ್ಲಿಗೆ ಬಂತು. ಪೊಟ್ಟಣ ಬಿಚ್ಚಿದರೆ ಕೊಳಕು ಕಂದು ಬಣ್ಣದ ತುಂಡು. ಇದರಿಂದ ಏನು ಹಳದಿ ಬಂದೀತು ಅನ್ನಿಸಿತು. ಒದ್ದೆ ಬೆರಳು ತಾಗಿಸಿದೆ ಅಷ್ಟೆ, ಬೆರಳು ಪೂರ್ತಿ ಹಳದಿ. ಅಮ್ಮ ಶಿರಸಿಯಿಂದ ವಿಡಿಯೋ ಕಾಲ್‌ನಲ್ಲಿದ್ದರು. ಕ್ಯಾಮರಾ ಹತ್ತಿರ ಹಿಡಿದು ತೋರಿಸಿದೆ.

"ಉಪ್ಪಾಗೆ ಮರದ ಸೊನೆ ಇದ್ದಾಂಗೇ ಇದ್ದಲಾ ತಮಾ" ಅಂದರು.

ಅಮ್ಮನಿಗೆ ಸಸ್ಯಶಾಸ್ತ್ರ ಗೊತ್ತಿಲ್ಲ. ಆದರೆ ಹೇಳಿದ್ದು ಸರಿ. ಗ್ಯಾಂಬೋಜ್ ಮರ, ನಮ್ಮ ಉಪ್ಪಾಗೆ, ಮುರುಗಲು ಮೂರೂ ಒಂದೇ ಕುಲ, ಗಾರ್ಸೀನಿಯಾ. ಉಪ್ಪಾಗೆಯ ಶಾಸ್ತ್ರೀಯ ಹೆಸರು ಗಾರ್ಸೀನಿಯಾ ಗಮ್ಮಿ-ಗಟ್ಟಾ, ಗಮ್ಮಿ ಗಟ್ಟಾ ಅಂದರೆ ಗ್ಯಾಂಬೋಜ್‌ನ ಹಳೆ ಹೆಸರೇ. ಚಿಕ್ಕವನಿದ್ದಾಗ ಉಪ್ಪಾಗೆ ಕೊಯ್ಯಲು ಹೋಗಿ ಅಂಗಿಗೆ ಹಳದಿ ಸೊನೆ ತಾಗಿಸಿಕೊಂಡು ಬೈಸಿಕೊಂಡದ್ದು ನೆನಪಾಯಿತು. ಒಂದು ಎಚ್ಚರಿಕೆ. ಗ್ಯಾಂಬೋಜ್ ಹೊಟ್ಟೆಗೆ ಹೋದರೆ ಜೋರು ಭೇದಿ. ಬ್ರಷ್ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಚಾಳಿ ಇದ್ದವರು ಇದರ ಹತ್ತಿರ ಬರಬೇಡಿ.

ಕೆಂಪಿಗೆ ಬ್ರೆಜಿಲ್ ಮರದ ಚಕ್ಕೆ. ನಮ್ಮ ಪತಂಗದ ಚಕ್ಕೆಯ ಬಳಗ. ದೇಶಕ್ಕೆ ಬ್ರೆಜಿಲ್ ಅಂತ ಹೆಸರು ಬಂದದ್ದೂ ಈ ಮರದಿಂದಲೇ. ಆಮ್‌ಸ್ಟರ್‌ಡಾಮಿನಲ್ಲಿ 1596ರಲ್ಲಿ ಶುರುವಾದ ಒಂದು ಜೈಲಿತ್ತು, ರಾಸ್ಪ್‌ಹೌಸ್ ಅಂತ. ಕೈದಿಗಳ ಕೆಲಸ ಈ ಮರದ ಗಟ್ಟಿ ತುಂಡುಗಳನ್ನು ಗರಗಸದಂಥ ಅರದಿಂದ ಉಜ್ಜಿ ಪುಡಿ ಮಾಡುವುದು. ಅದರ ಬಾಗಿಲು ಈಗಲೂ ಹೈಲಿಗವೆಗ್ ಬೀದಿಯಲ್ಲಿದೆ, ಬಟ್ಟೆ ಅಂಗಡಿಗಳ ನಡುವೆ. ನಾನು ಎಷ್ಟೋ ಸಲ ಅದರ ಮುಂದೆಯೇ ಹೋಗಿದ್ದೆ, ತಲೆ ಎತ್ತಿ ನೋಡಿರಲಿಲ್ಲ.

ಚಕ್ಕೆಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ, ಪಟಿಕ ಹಾಕಿ ಸೋಸಿದೆ. ಗಾಜಿನ ಲೋಟದಲ್ಲಿ ಎಂಥ ಕೆಂಪು ಅಂತೀರಿ, ಪಾನಕ ಅಂತ ಯಾರಾದರೂ ಕುಡಿದುಬಿಡಬೇಕು ಹಾಗೆ. ಕಾಗದದ ತುಂಡಿನ ಮೇಲೆ ಒಂದು ಗೆರೆ ಎಳೆದೆ. ನೋಡನೋಡುತ್ತ ಅಂಚು ನೇರಳೆಯಾಯಿತು. ಎರಡು ನಿಮಿಷದಲ್ಲಿ ಪೂರ್ತಿ ನೇರಳೆ. ಅರಿಶಿಣಕ್ಕೆ ಸುಣ್ಣ ತಾಗಿದ ಹಾಗೆ! ಹಾಗೆ ಅಲ್ಲ, ಅದೇ ಆಟ. ಅರಿಶಿಣ ಸುಣ್ಣ ಸೇರಿ ಕೆಂಪಾಗುವುದು ಹೇಗೋ, ಬ್ರೆಜಿಲ್ ಕೆಂಪು ಕ್ಷಾರ ತಾಗಿದರೆ ನೇರಳೆಗೆ ತಿರುಗುತ್ತದೆ. ಇವತ್ತಿನ ಒಳ್ಳೆ ಕಾಗದಕ್ಕೆ ಹುಳಿ ಏರದಿರಲಿ ಅಂತ ಸೀಮೆಸುಣ್ಣ ಸೇರಿಸಿರುತ್ತಾರಲ್ಲ, ಅದರ ಕೆಲಸ ಇದು.

ಮೂರು ಸಲ ಪಟಿಕ ಹೆಚ್ಚಿಸಿ ನೋಡಿದೆ. ಆಗಲಿಲ್ಲ. ಕೊನೆಗೆ ರಾಜಿ. ಕೆಂಪಿಗೆ ಮ್ಯಾಡರ್ ಬೇರಿನ ಬಣ್ಣ ತಂದೆ, ನಮ್ಮ ಮಂಜಿಷ್ಠದ ಅಣ್ಣ. ನೆದರ್‌ಲ್ಯಾಂಡ್ಸಿನ ಝೇಲಾಂಡ್‌ನಲ್ಲಿ ಅದನ್ನು ಆ ಕಾಲದಲ್ಲಿ ಹೊಲಗಟ್ಟಲೆ ಬೆಳೆಯುತ್ತಿದ್ದರು, ಬಟ್ಟೆಯ ಬಣ್ಣಕ್ಕೆ. ನಕ್ಷೆಗೆ ಅಂದಿನ ಆಫ್‌ಝೆಟ್ಟರ್ ಇದನ್ನೇ ಆರಿಸುತ್ತಿದ್ದ ಅಂತ ನಾನು ವಾದ ಮಾಡುವುದಿಲ್ಲ. ಬ್ರೆಜಿಲ್ ನೇರಳೆಯನ್ನೂ ಎಸೆಯಲಿಲ್ಲ. ಶುಕ್ರನ ಸೆರಗಿಗೆ ಅದೇ ಇದೆ, ಚೆನ್ನಾಗಿಯೇ ಕಾಣುತ್ತದೆ.

ನೀಲಿಗೆ ಎರಡು. ತೆಳು ನೆರಳಿಗೆ ನೀಲಿ ಗಿಡದ ಇಂಡಿಗೋ. ದಟ್ಟ ನೀಲಿಗೆ ಅಜುರೈಟ್ ಕಲ್ಲಿನ ಪುಡಿ. ಬಣ್ಣದ ಪುಡಿಗಳಿಗೆ ಅಂತ ಒಂದು ಶನಿವಾರ ಝಾನ್ಸೆ ಸ್ಖಾನ್ಸ್‌ನ ಡಿ ಕಾಟ್ ಗಾಳಿಗಿರಣಿಗೆ ಮಗುವನ್ನೂ ಕರೆದುಕೊಂಡು ಹೋದೆ. ಗಾಳಿಯ ಬಲದಿಂದ ಬಣ್ಣ ಅರೆಯುವ ಗಿರಣಿ, ಒಳಗೆ ಭಾರಿ ಕಲ್ಲುಗಳು ಗಡಗಡ ಉರುಳುತ್ತವೆ. ಸುತ್ತಲಿನ ಮರದ ಮೇಲೆಲ್ಲ ಬಣ್ಣದ ಧೂಳು. ಮಗು ಆಮೇಲೆ ಒಂದು ವಾರ ಕಾಟ್ ಕಾಟ್ ಅಂತ ತಿರುಗುತ್ತಿತ್ತು, ಕಾಟ್ ಅಂದರೆ ಡಚ್ಚಿನಲ್ಲಿ ಬೆಕ್ಕು.

ಅಜುರೈಟ್‌ನಲ್ಲಿ ನಾನು ಮಾಡಿದ ತಪ್ಪು ಏನಂದರೆ, ನುಣ್ಣಗಾದಷ್ಟೂ ಒಳ್ಳೆಯದು ಅಂದುಕೊಂಡದ್ದು. ಗಾಜಿನ ಮೇಲೆ ಮುಕ್ಕಾಲು ಗಂಟೆ ಅರೆದೆ. ನೀಲಿ ಹೋಗಿ ಬೂದಿ ಬಣ್ಣ ಬಂತು. ಈ ಕಲ್ಲಿನ ನೀಲಿ ಇರುವುದು ಹರಳಿನ ದಪ್ಪದಲ್ಲಿ. ಸಣ್ಣದಾದಷ್ಟು ಪೇಲವ. ಎರಡನೇ ಸಲ ಸುಮ್ನೆ ನಾಲ್ಕು ನಿಮಿಷ ಅರೆದು, ನೀರಿನಲ್ಲಿ ಕದಡಿ ಮೇಲಿನ ಕೆನೆನೀರು ಚೆಲ್ಲಿ, ತಳದಲ್ಲಿ ಕೂತ ತರಿಯನ್ನು ಇಟ್ಟುಕೊಂಡೆ. ಅಂಟಿಗೆ ಗಮ್ ಅರೇಬಿಕ್, ಅಂದರೆ ಜಾಲಿ ಜಾತಿಯ ಮರದ ಗೋಂದು. ಮೊದಲನೇ ಬೂದಿಯೂ ವ್ಯರ್ಥವಾಗಲಿಲ್ಲ, ಆಕಾಶಕ್ಕೆ ಹೋಯಿತು.

ಇನ್ನು ಹಸಿರು. ಇಡೀ ಕಥೆ ಇದರದ್ದೇ.

ಆ ಕಾಲದ ನಕ್ಷೆಗಳ ಹಸಿರು ತಾಮ್ರದ ಕಿಲುಬು. ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಹುಣಸೆಹುಳಿ ಇಡಬೇಡ ಅಂತ ಅಜ್ಜಿ ಬೈಯುತ್ತಿದ್ದದ್ದು ಯಾವುದಕ್ಕೋ, ಅದನ್ನೇ ಇಲ್ಲಿ ಬೇಕು ಅಂತ ಮಾಡುತ್ತಿದ್ದರು. ಫ್ರಾನ್ಸಿನ ಮೊಂಪೆಲಿಯೆ ಪಟ್ಟಣ ಇದಕ್ಕೆ ಹೆಸರುವಾಸಿ. ದ್ರಾಕ್ಷಿ ಹಿಂಡಿ ಉಳಿದ ಚರಟದ ನಡುವೆ ತಾಮ್ರದ ತಗಡು ಇಟ್ಟು, ಮನೆಯ ನೆಲಮಾಳಿಗೆಯಲ್ಲಿ ಹೆಂಗಸರೇ ಹೆಚ್ಚಾಗಿ ಇದನ್ನು ತಯಾರಿಸುತ್ತಿದ್ದರು. ನನ್ನ ಹತ್ತಿರ ಇದ್ದದ್ದು ನಲ್ಲಿ ರಿಪೇರಿಯಲ್ಲಿ ಉಳಿದ ತಾಮ್ರದ ಪೈಪ್. ಸೀಳಿ, ಸುತ್ತಿಗೆಯಿಂದ ಚಪ್ಪಟೆ ಮಾಡಿ, ಉಪ್ಪಿನಕಾಯಿ ಬಾಟಲಿಯಲ್ಲಿ ನೇತುಹಾಕಿದೆ. ತಳದಲ್ಲಿ ಎರಡು ಬೆರಳು ವಿನೆಗರ್, ತಗಡಿಗೆ ತಾಗದ ಹಾಗೆ. ಮುಚ್ಚಳ ಬಿಗಿದು ಹೀಟರ್ ಮೇಲಿಟ್ಟೆ. ಮೂರನೇ ದಿನ ತಗಡು ಮಂಕಾಯಿತು. ಎರಡು ವಾರಕ್ಕೆ ನವಿಲಿನ ಕತ್ತಿನ ಬಣ್ಣದ ಹಕ್ಕಳೆ. ಕೈಗವಸು, ಮಾಸ್ಕ್ ಹಾಕಿಕೊಂಡು ಕೆರೆದು ತೆಗೆದೆ. ಎಲ್ಲ ಸೇರಿ ಒಂದು ಟೀ ಚಮಚ. ಬಾಟಲಿಗೆ ದೊಡ್ಡದಾಗಿ ವಿಷ ಅಂತ ಬರೆದು ಎತ್ತರದ ಕಪಾಟಿಗೆ ಏರಿಸಿದೆ.

ಇದನ್ನು ನೇರ ಹಚ್ಚಿದರೆ ಮರಳು ಮರಳಾಗಿ ಕೂರುತ್ತದೆ. ಹಳೆ ಉಪಾಯ ಏನಂದರೆ ಕ್ರೀಮ್ ಆಫ್ ಟಾರ್ಟರ್ ಜೊತೆ ನೀರಿನಲ್ಲಿ ಕುದಿಸುವುದು. ಕೇಕ್ ಮಾಡುವವರ ಅದೇ ಪುಡಿ. ಕುದಿಸಿ ಸೋಸಿದರೆ ತಿಳಿಯಾದ ಹಸಿರು ನೀರು ಬರುತ್ತದೆ, ಗಾಜಿನಂತೆ ಪಾರದರ್ಶಕ. ಕೆಳಗಿನ ಕಪ್ಪು ಗೆರೆ ಒಂದೂ ಮುಚ್ಚುವುದಿಲ್ಲ. ನಕ್ಷೆಗೆ ಬೇಕಾದ್ದೇ ಅದು. ಒಂದು ತುಂಡಿಗೆ ಹಚ್ಚಿ ಕಿಟಕಿ ಬೆಳಕಿಗೆ ಹಿಡಿದಾಗ ಗದ್ದೆಯಲ್ಲಿ ಹೊಸದಾಗಿ ನೆಟ್ಟ ಸಸಿಯ ನೆನಪಾಯಿತು. ಅಂಗಡಿಯ ಯಾವ ಟ್ಯೂಬಿನಲ್ಲೂ ಇಂಥ ಹಸಿರು ನಾನು ನೋಡಿಲ್ಲ.

ಆದರೆ ಈ ಹಸಿರು ಕಾಗದವನ್ನು ತಿನ್ನುತ್ತದೆ. ತಾಮ್ರ ನಿಧಾನವಾಗಿ ಕಾಗದದ ನಾರನ್ನು ಕೆಡಿಸುತ್ತ ಹೋಗುತ್ತದೆ. ಮೊದಲು ಹಿಂಬದಿಯಲ್ಲಿ ಕಂದು ನೆರಳು, ಆಮೇಲೆ ಬಿರುಕು, ಕೊನೆಗೆ ಹಸಿರು ಗೆರೆ ಇದ್ದಲ್ಲೇ ನಕ್ಷೆ ಕತ್ತರಿಸಿದ ಹಾಗೆ ಹರಿಯುತ್ತದೆ. ಅಟ್ಲಾಸಿನ ಎದುರು ಪುಟಕ್ಕೂ ಕಂದು ಅಚ್ಚು ಬೀಳುತ್ತದೆ. ಹಳೆ ನಕ್ಷೆ ಕೊಳ್ಳುವವರು ಮೊದಲು ಹಾಳೆ ತಿರುಗಿಸಿ ಹಿಂಬದಿ ನೋಡುವುದು ಅದಕ್ಕೇ. ಹಿಂದೆ ಹಸಿರು ಕಂದಾಗಿ ಇಳಿದಿದ್ದರೆ ಬಣ್ಣ ಹಳೆಯದಿರಬೇಕು ಅನ್ನುವ ಗುಮಾನಿಗೆ ಬಲ. ರೋಗವೇ ಅಸಲಿತನಕ್ಕೆ ಸಾಕ್ಷಿ! ನಾನು ಪರೀಕ್ಷೆಗೆ ಹಚ್ಚಿದ ತುಂಡನ್ನು ಚಳಿಗಾಲವಿಡೀ ಹೀಟರ್ ಪಕ್ಕ ಇಟ್ಟಿದ್ದೆ. ಫೆಬ್ರವರಿಯಲ್ಲಿ ತಿರುಗಿಸಿ ನೋಡಿದರೆ ಹಿಂದೆ ತೆಳ್ಳಗೆ ಟೀ ಕಲೆಯಂಥ ನೆರಳು ಆಗಲೇ ಬಂದಿತ್ತು.

ಎಲ್ಲಿ ಹಚ್ಚಲಿ

ಇಷ್ಟು ಕಷ್ಟಪಟ್ಟು ಮಾಡಿದ ಕಿಲುಬನ್ನು ಬಿಡುವುದಕ್ಕೂ ಮನಸ್ಸಿಲ್ಲ, ನಕ್ಷೆಯನ್ನು ಅದಕ್ಕೆ ತಿನ್ನಿಸುವುದಕ್ಕೂ ಮನಸ್ಸಿಲ್ಲ. ಎರಡು ವಾರ ಸುಮ್ಮನೆ ನಕ್ಷೆ ನೋಡುತ್ತ ಕೂತೆ.

ನಕ್ಷೆಯ ಕೆಳಭಾಗದಲ್ಲಿ ಉದ್ದಕ್ಕೂ ಒಂದು ದೊಡ್ಡ ಭೂಮಿ ಇದೆ, ಎಡದಿಂದ ಬಲಕ್ಕೆ. ದಕ್ಷಿಣದಲ್ಲಿ ಇರಲೇಬೇಕು ಅಂತ ಯುರೋಪಿನವರು ನಂಬಿದ್ದ ಖಂಡ. ಯಾರೂ ನೋಡಿದ್ದಲ್ಲ. ತಮಾಷೆ ಅಂದರೆ ಈ ನಕ್ಷೆ ಬಂದ 1606ರಲ್ಲೇ ಡೌಫ್‌ಕೆನ್ ಅನ್ನುವ ಡಚ್ ಹಡಗು ನಿಜವಾದ ಆಸ್ಟ್ರೇಲಿಯಾದ ಉತ್ತರ ತುದಿಗೆ ಹೋಗಿ ತಾಗಿತು. ಅದರ ಕಪ್ತಾನನ ಹೆಸರು ವಿಲ್ಲೆಮ್ ಯಾನ್ಸ್‌ಝೋನ್. ನಮ್ಮ ನಕ್ಷೆಗಾರನೂ ಆಗ ಸಹಿ ಹಾಕುತ್ತಿದ್ದದ್ದು ವಿಲ್ಲೆಮ್ ಯಾನ್ಸ್‌ಝೋನ್ ಅಂತಲೇ. ಯಾನ್ಸೋನಿಯಸ್ ಅನ್ನುವ ಎದುರಾಳಿ ಅಂಗಡಿಯವನ ಜೊತೆ ಹೆಸರು ಗೊಂದಲ ಆಗುತ್ತದೆ ಅಂತ 1621ರ ಹೊತ್ತಿಗೆ ಬ್ಲಾವು ಅಂತ ಸೇರಿಸಿಕೊಂಡ. ಇಬ್ಬರು ವಿಲ್ಲೆಮ್‌ಗಳಿಗೂ ಸಂಬಂಧ ಇಲ್ಲ. ಒಬ್ಬ ಆಮ್‌ಸ್ಟರ್‌ಡಾಮಿನಲ್ಲಿ ಕೂತು ಇಲ್ಲದ ಖಂಡ ಬರೆಸುತ್ತಿದ್ದ, ಇನ್ನೊಬ್ಬ ಇರುವ ಖಂಡದ ಮೇಲೆ ಕಾಲಿಡುತ್ತಿದ್ದ, ಅದು ಯಾವುದು ಅಂತ ಗೊತ್ತಿಲ್ಲದೆ. ಆ ಕಲ್ಪನೆಯ ಖಂಡ ಪೂರ್ತಿ ಅಳಿಸಿಹೋಗಲು ಜೇಮ್ಸ್ ಕುಕ್ 1770ರ ದಶಕದಲ್ಲಿ ದಕ್ಷಿಣ ಸಮುದ್ರವೆಲ್ಲ ಸುತ್ತಬೇಕಾಯಿತು.

ಹಾಗಾಗಿ ತೀರ್ಮಾನ ಆಯಿತು. ಕಿಲುಬಿನ ಹಸಿರು ಆ ಒಂದು ಖಂಡದ ಅಂಚಿಗೆ ಮಾತ್ರ. ತಿನ್ನುವುದಾದರೆ ಅದನ್ನೇ ತಿನ್ನಲಿ. ನಿಜವಾಗಿ ಇರುವ ಭೂಮಿಯಲ್ಲಿ ಹಸಿರು ಬೇಕಾದಲ್ಲೆಲ್ಲ ಇಂಡಿಗೋ ಮತ್ತು ಗ್ಯಾಂಬೋಜ್ ಬೆರೆಸಿದ್ದು.

ಅಂಚು ಹಚ್ಚುವುದಕ್ಕೆ ಎರಡು ಬ್ರಷ್ ಬೇಕು, ಎರಡೂ ಒಂದೇ ಕೈಯಲ್ಲಿ. ಒಂದರಲ್ಲಿ ಬಣ್ಣ, ಒಂದರಲ್ಲಿ ಬರೀ ನೀರು. ಬಣ್ಣದ ಬ್ರಷ್‌ನಿಂದ ಗಡಿಯ ಉದ್ದಕ್ಕೂ ಎರಡು ಬೆರಳಿನಷ್ಟು ದೂರ ಗೆರೆ ಎಳೆಯಬೇಕು. ಒಣಗುವ ಮೊದಲೇ ಬ್ರಷ್ ತಿರುಗಿಸಿ, ನೀರಿನದರಿಂದ ಒಳಬದಿಯನ್ನು ಸವರಿ ಮಂಜಿನಂತೆ ಬಿಡಬೇಕು. ತಡವಾದರೆ ಒಳಗೂ ಗಟ್ಟಿ ಗೆರೆ ಬೀಳುತ್ತದೆ, ಬೇಗ ಆದರೆ ಬಣ್ಣವೆಲ್ಲ ಒಳಗೆ ಓಡುತ್ತದೆ. ದಕ್ಷಿಣ ಅಮೆರಿಕದ ಹೊತ್ತಿಗೆ ಕೈಗೆ ಲಯ ಸಿಕ್ಕಿತು. ಆಫ್ರಿಕಾದಲ್ಲಿ ಗಟ್ಟಿ ಗೆರೆ ಹಾಗೆಯೇ ಇದೆ, ನೋಡಿದವರಿಗೆ ಗೊತ್ತಾಗುತ್ತದೆ ನಾನು ಎಲ್ಲಿಂದ ಶುರು ಮಾಡಿದೆ ಅಂತ.

ಸಮುದ್ರಕ್ಕೆ ಬಣ್ಣ ಇಲ್ಲ, ಹಡಗಿಗೆ ಮಾತ್ರ. ಹಿಂದೂ ಮಹಾಸಾಗರದಲ್ಲಿ ಒಂದು ಹನಿ ಇಂಡಿಗೋ ಬಿತ್ತು. ಬ್ಲಾಟಿಂಗ್ ಪೇಪರ್ ಒತ್ತಿ ತೆಗೆದೆ, ಗಂಜಿ ಇದ್ದದ್ದಕ್ಕೆ ಮುಕ್ಕಾಲು ಭಾಗ ಎದ್ದು ಬಂತು. ಉಳಿದದ್ದು ಈಗ ಒಂದು ದ್ವೀಪ. ಆ ಕಾಲದ ನಕ್ಷೆಗಳಲ್ಲಿ ಇಲ್ಲದ ದ್ವೀಪಗಳಿಗೇನು ಬರವೇ?

ಸುತ್ತಿನ 22 ಚಿತ್ರಗಳಿಗೆ ಒಂದೊಂದಕ್ಕೆ ಒಂದು ಗಂಟೆಯ ಮೇಲೆ ಹಿಡಿಯಿತು. ಮಗು ಮಲಗಿದ ಮೇಲೆ ದಿನಕ್ಕೊಂದು. ಮೊದಲು ಮೈಬಣ್ಣ, ಆಮೇಲೆ ಬಟ್ಟೆ, ಕೊನೆಗೆ ನೆರಳು. ಕಡುಬಣ್ಣದ ಮಡಿಕೆಗಳ ಮೇಲೆ ಬರೀ ಗೋಂದಿನ ನೀರು ಒಂದು ಕೈ, ಹೊಳಪಿಗೆ. ಬ್ಯಾಬಿಲೋನ್ ಗೋಡೆ, ಪಿರಮಿಡ್ ಎಲ್ಲ ಒಂದೇ ಕಾವಿ, ಬೇಗ ಮುಗಿದವು. ಬೆಂಕಿಯ ಚಿತ್ರ ಮಾತ್ರ ಮೂರು ಸಂಜೆ ತಿಂದಿತು, ಸಿಂಧೂರ ಇಲ್ಲದೆ ಬೆಂಕಿ ತರಿಸುವುದು ಕಷ್ಟ. ಮ್ಯಾಡರ್ ಮೇಲೆ ಗ್ಯಾಂಬೋಜ್ ಹಾಕಿದೆ. ಬೆಂಕಿಗಿಂತ ಕೆಂಡ ಅನ್ನಬಹುದು.

ಅಮ್ಮ ಕೇಳಿದ್ದು ಒಂದೇ, ನಮ್ಮೂರು ಎಲ್ಲಿ. ಹೆಬ್ಬೆರಳು ಇಟ್ಟರೆ ಇಡೀ ಭಾರತ ಮುಚ್ಚಿಹೋಗುವ ಅಳತೆ ಇದು. ಆ ಕಾಲದ ಯುರೋಪಿನ ನಕ್ಷೆಗಳಲ್ಲಿ ನಮ್ಮ ಕಡೆಗೆ ನರ್ಸಿಂಗ ಅಂತ ಬರೆಯುತ್ತಿದ್ದರು, ಸಾಳುವ ನರಸಿಂಹನ ಹೆಸರಿನಿಂದ ವಿಜಯನಗರಕ್ಕೆ ಬಂದ ಹೆಸರು ಅದು ಅಂತ ಹೇಳಿದೆ. ಅವರಿಗೆ ಅಷ್ಟು ಸಮಾಧಾನ ಆದಂತಿರಲಿಲ್ಲ. ಪಶ್ಚಿಮ ಕರಾವಳಿಗೆ ಗ್ಯಾಂಬೋಜ್ ಹಳದಿ ಹಾಕಿದ್ದೇನೆ ಅಂದ ಮೇಲೆ ನಕ್ಕರು.

ಮುಗಿದ ಮೇಲೆ ಹಾಳೆಯ ಹಿಂಬದಿಯ ಮೂಲೆಯಲ್ಲಿ ಮೆತ್ತನೆ ಪೆನ್ಸಿಲ್‌ನಿಂದ ಕನ್ನಡದಲ್ಲೇ ಬರೆದಿಟ್ಟೆ: ಯಾವ ಬಣ್ಣ ಎಲ್ಲಿ, ಯಾವ ತಿಂಗಳು, ದಕ್ಷಿಣದ ಅಂಚಿನಲ್ಲಿ ತಾಮ್ರ ಇದೆ, ಜೋಪಾನ. ಇದು ಹೊಸ ಅಚ್ಚು, ಅಸಲಿ ಅಲ್ಲ ಅಂತಲೂ. ಫ್ರೇಮಿನೊಳಗೆ ಗಾಜಿಗೆ ತಾಗದ ಹಾಗೆ ರಟ್ಟಿನ ಚೌಕಟ್ಟು ಕೊಟ್ಟು, ಬಿಸಿಲು ಬೀಳದ ಗೋಡೆಗೆ ಹಾಕಿದೆ. ಗ್ಯಾಂಬೋಜ್‌ಗೆ ಬಿಸಿಲು ಆಗಿಬರುವುದಿಲ್ಲ.

ಒಳ್ಳೆಯ ಪ್ರಿಂಟ್ ಇನ್ನೂ ಎರಡಿವೆ. ಒಂದನ್ನು ಅಚ್ಚಿನ ಅಜ್ಜನಿಗೆ ಕೊಟ್ಟೆ. ಇನ್ನೊಂದನ್ನು ಮೇಜಿನ ಮೇಲೆ ಹರಡಿ ಬ್ರಷ್ ತೊಳೆಯುತ್ತಿದ್ದಾಗ ಹೆಂಡತಿ ಬಂದು ಸ್ವಲ್ಪ ಹೊತ್ತು ನೋಡಿದಳು. "ಇದನ್ನ ಮುಟ್ಬೇಡ, ಹೀಗೇ ಚೆನ್ನಾಗಿದೆ" ಅಂದಳು. ಈಗ ಅದು 350 ಗಿಲ್ಡರಿನದ್ದು, ಪಕ್ಕದ ಗೋಡೆಯಲ್ಲಿದೆ.